ಹುಕ್ಕಿಗೆ ಕೈ ಹಾಕುವ ಮೊದಲು ತೂಕ ನೋಡಿ

ದೀಪಾವಳಿ ಕಳೆದ ಮೇಲೆ ಪತ್ತನಾಜೆ ಬರುವವರೆಗೆ ನಮ್ಮ ಕಡೆಯ ರಸ್ತೆಗಳಲ್ಲಿ ಎಳೆದುಕೊಂಡು ಹೋಗುವ ಗಾಡಿಗಳದ್ದೇ ಕಾರುಬಾರು. ಪಡುಬಿದ್ರಿಯಿಂದ ನಂದಿಕೂರು, ಬೆಳ್ಮಣ್, ನಿಟ್ಟೆ ದಾಟಿ ಕಾರ್ಕಳಕ್ಕೆ ಹೋಗುವ ರಾಜ್ಯ ಹೆದ್ದಾರಿಯ ಬದಿಯಲ್ಲಿ ಸಂಜೆ ಒಂದು ಗಂಟೆ ನಿಂತು ನೋಡಿ. ಜೀಪಿನ ಹಿಂದೆ ಜನರೇಟರ್, ಪಿಕಪ್‌ನ ಹಿಂದೆ ಕ್ಯಾಂಟೀನ್, ಟ್ರ್ಯಾಕ್ಟರ್‌ನ ಹಿಂದೆ ಕೆಂಪುಕಲ್ಲು, ಟಿಪ್ಪರ್‌ನ ಹಿಂದೆ ಕಾಂಕ್ರೀಟ್ ಮಿಕ್ಸರ್. ಕಂಬಳಕ್ಕೆ, ಕೋಲಕ್ಕೆ, ಆಟಕ್ಕೆ, ಅತ್ತೂರಿನ ಜಾತ್ರೆಗೆ, ಕಾಪುವಿನ ಸುಗ್ಗಿ ಮಾರಿಪೂಜೆಗೆ ಬೇಕಾದ ಸಾಮಾನಿನಲ್ಲಿ ಒಂದು ಪಾಲು ಹೀಗೆ ಇನ್ನೊಂದು ಗಾಡಿಯ ಬೆನ್ನು ಹಿಡಿದೇ ಬರುವುದು. ಈಚೆಗೆ ಇದಕ್ಕೆ ಇನ್ನೊಂದು ಸೇರಿದೆ. ಯೂಟ್ಯೂಬ್ ನೋಡಿ, ಕಾರಿನ ಹಿಂದೆ ಎಳೆದುಕೊಂಡು ಹೋಗುವ ಮಲಗುವ ಮನೆ ಮಾಡಿಸಬೇಕು ಎಂದು ವೆಲ್ಡಿಂಗ್ ಅಂಗಡಿಗೆ ಬಂದು ಕೇಳುವ ಹುಡುಗರು. ಪ್ರವಾಸೋದ್ಯಮದವರು ಹೇಳುವ ಕ್ಯಾರವಾನ್ ಹೆಚ್ಚಾಗಿ ಸ್ವಂತ ಎಂಜಿನ್ ಇರುವ ಬಸ್ಸಿನಂಥದ್ದು. ಕೇರಳ ಸರ್ಕಾರ 2021ರಲ್ಲಿ 'ಕೇರವಾನ್' ಎಂದು ಹೆಸರಿಟ್ಟು ಶುರುಮಾಡಿದ್ದೂ ಅಂಥದ್ದನ್ನೇ. ಹುಡುಗರು ಕೇಳುತ್ತಿರುವುದು ಎಂಜಿನ್ ಇಲ್ಲದ ಪೆಟ್ಟಿಗೆಯನ್ನು.

ಆ ಪೆಟ್ಟಿಗೆಯ ಜೊತೆ ಒಂದು ಹೊಸ ಶಬ್ದವೂ ಊರಿಗೆ ಬಂದಿದೆ: ವೇಯ್ಟ್ ಡಿಸ್ಟ್ರಿಬ್ಯೂಶನ್ ಹಿಚ್. ಭಾರ ಹಂಚುವ ಹುಕ್ಕು ಎನ್ನೋಣ. ಈ ವರ್ಷ ಇದರ ಬಗ್ಗೆ ನನ್ನನ್ನು ಇಬ್ಬರು ಕೇಳಿದರು. ಒಬ್ಬರು ಬೆಳ್ಮಣ್ ಸಮೀಪದ ಕ್ಯಾಂಟೀನ್‌ನವರು, ಪಿಕಪ್ ಜೀಪಿನ ಹಿಂದೆ ಕ್ಯಾಂಟೀನ್ ಟ್ರೇಲರ್ ಕಟ್ಟಿಕೊಂಡು ಜಾತ್ರೆಯಿಂದ ಜಾತ್ರೆಗೆ ಹೋಗುವವರು. ಇನ್ನೊಬ್ಬ ಅಮೆರಿಕದಲ್ಲಿರುವ ನನ್ನ ದೊಡ್ಡಮ್ಮನ ಮಗ, ರಜೆಗೆ ಮಕ್ಕಳನ್ನು ಕರೆದುಕೊಂಡು ಸುತ್ತಲು ಟ್ರಾವೆಲ್ ಟ್ರೇಲರ್ ಕೊಳ್ಳಲು ಹೊರಟವನು. ನಾನು ಮೆಕ್ಯಾನಿಕ್ ಅಲ್ಲ, ಜಿಲ್ಲೆಯ ಸುದ್ದಿ ಬರೆಯುವವನು. ಆದರೆ ಕೇಳಿ ತಿಳಿಯುವುದೇ ನಮ್ಮ ಕೆಲಸವಲ್ಲವೇ? ಕೇಳುತ್ತಾ ಹೋದ ಮೇಲೆ ನನಗೆ ಬಂದ ಅಭಿಪ್ರಾಯ ಇದು: ಹುಕ್ಕು ಬೇಕೋ ಬೇಡವೋ ಎನ್ನುವುದನ್ನು ಮಾರುವವನೂ ಹೇಳಬಾರದು, ಗೆಳೆಯರೂ ಹೇಳಬಾರದು. ತೂಕದ ಯಂತ್ರ ಹೇಳಬೇಕು. ನಮ್ಮ ಊರಿನ ಟ್ರೇಲರ್‌ಗಳ ಮಟ್ಟಿಗೆ ಅದರ ಉತ್ತರ ಹೆಚ್ಚಾಗಿ 'ಬೇಡ' ಎಂದೇ ಬರುತ್ತದೆ. ಆದರೆ ತೂಕ ಮಾಡಿದಾಗ ಬೇರೆ ಎರಡು ಸಂಗತಿ ಹೊರಬೀಳುತ್ತವೆ, ಅವು ಹುಕ್ಕಿಗಿಂತ ದೊಡ್ಡವು.

ಮೊದಲು ಈ ಹುಕ್ಕು ಎಂತದು ಎಂದು ನೋಡುವ. ಎರಡು ಚಕ್ರದ ಟ್ರೇಲರ್‌ನ ಭಾರ ಪೂರ್ತಿ ಅದರ ಚಕ್ರದ ಮೇಲೆ ಇರುವುದಿಲ್ಲ, ಒಂದು ಪಾಲು ಎಳೆಯುವ ಗಾಡಿಯ ಹುಕ್ಕಿನ ಮೇಲೆ ಬೀಳುತ್ತದೆ. ಹುಕ್ಕು ಇರುವುದು ಜೀಪಿನ ಹಿಂದಿನ ಚಕ್ರಕ್ಕಿಂತಲೂ ಹಿಂದೆ. ಹಾಗಾಗಿ ಅಲ್ಲಿ ಭಾರ ಬಿದ್ದರೆ ಹಿಂದಿನ ಆಕ್ಸಲ್ ನಡುವಿನ ಊರುಗೋಲಿನ ಹಾಗೆ ಆಗಿ ಜೀಪಿನ ಮೂತಿ ಮೇಲೇಳುತ್ತದೆ. ಲೆಕ್ಕ ಸುಲಭ. ಜೀಪಿನ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ 2.7 ಮೀಟರ್, ಹಿಂದಿನ ಆಕ್ಸಲ್‌ನಿಂದ ಹುಕ್ಕಿಗೆ 1.1 ಮೀಟರ್ ಇದ್ದು, ಹುಕ್ಕಿನ ಮೇಲೆ 100 ಕೆಜಿ ಬಿದ್ದರೆ, 100ನ್ನು 1.1ರಿಂದ ಗುಣಿಸಿ 2.7ರಿಂದ ಭಾಗಿಸಿ. ಸುಮಾರು 41 ಕೆಜಿ ಮುಂದಿನ ಚಕ್ರಗಳಿಂದ ಎದ್ದು ಹೋಗುತ್ತದೆ. ಹಿಂದಿನ ಚಕ್ರಗಳ ಮೇಲೆ 100 ಅಲ್ಲ, 141 ಕೆಜಿ ಹೆಚ್ಚಾಗುತ್ತದೆ. ತಿರುಗಿಸುವುದು ಮುಂದಿನ ಚಕ್ರ, ಬ್ರೇಕ್ ಹಾಕಿದಾಗ ಹೆಚ್ಚು ಹಿಡಿಯುವುದೂ ಮುಂದಿನ ಚಕ್ರ. ಅದು ಹಗುರವಾದರೆ ಸ್ಟೇರಿಂಗ್ ಕೈಯಲ್ಲಿ ತೇಲಿದ ಹಾಗೆ ಆಗುತ್ತದೆ. ಇನ್ನೊಂದು, ಹೆಡ್‌ಲೈಟ್ ಆಕಾಶ ನೋಡುತ್ತದೆ. ರಾತ್ರಿ ಆಟ ಮುಗಿಸಿ ಬೈಕಿನಲ್ಲಿ ಎದುರಿನಿಂದ ಬರುವವನ ಕಣ್ಣಿಗೆ ಅದು ನೇರ ಹೊಡೆಯುತ್ತದೆ.

ಭಾರ ಹಂಚುವ ಹುಕ್ಕಿನಲ್ಲಿ ಎರಡು ಸ್ಪ್ರಿಂಗ್ ಉಕ್ಕಿನ ಸರಳುಗಳಿರುತ್ತವೆ. ಅವುಗಳ ಒಂದು ತುದಿ ಹುಕ್ಕಿನ ಕೆಳಗೆ, ಇನ್ನೊಂದು ತುದಿ ಟ್ರೇಲರ್‌ನ ಮುಂದಿನ ತೊಲೆಗೆ. ಸರಪಳಿಯಿಂದ ಅವನ್ನು ಮೇಲಕ್ಕೆ ಬಗ್ಗಿಸಿ ಬಿಗಿದರೆ, ಒಂಟಿ ಚಕ್ರದ ಕೈಗಾಡಿಯ ಹಿಡಿಕೆಯನ್ನು ಎತ್ತಿದಾಗ ಏನಾಗುತ್ತದೋ ಅದೇ ಇಲ್ಲಿಯೂ ಆಗುತ್ತದೆ. ಹಿಂದೆ ಎತ್ತಿದ ಬಲ ಮುಂದಿನ ಚಕ್ರವನ್ನು ನೆಲಕ್ಕೆ ಒತ್ತುತ್ತದೆ. ಹಿಂದಿನ ಚಕ್ರದ ಹೆಚ್ಚುವರಿ ಭಾರದಲ್ಲಿ ಸ್ವಲ್ಪ ಜೀಪಿನ ಮುಂದಕ್ಕೆ, ಸ್ವಲ್ಪ ಟ್ರೇಲರ್‌ನ ಚಕ್ರಕ್ಕೆ ಹೋಗುತ್ತದೆ. ಅಷ್ಟೇ ಅದರ ಕೆಲಸ. ಒಟ್ಟು ತೂಕದಲ್ಲಿ ಒಂದು ಗ್ರಾಂ ಸಹ ಕಡಿಮೆಯಾಗುವುದಿಲ್ಲ. ಅದು ಬ್ರೇಕ್ ಅಲ್ಲ. ಸಾಮಾನು ತಪ್ಪಾಗಿ ತುಂಬಿದ್ದಕ್ಕೆ ಪರಿಹಾರವೂ ಅಲ್ಲ. ಟ್ರೇಲರ್ ಅಡ್ಡ ಆಡುವುದನ್ನು ತಡೆಯುವ ಸಾಧನ ಬೇರೆಯೇ ಉಂಟು. ಕೆಲವು ಹುಕ್ಕುಗಳಲ್ಲಿ ಎರಡನ್ನೂ ಸೇರಿಸಿ ಮಾರುವುದರಿಂದ ಜನರಿಗೆ ಎರಡೂ ಒಂದೇ ಎನಿಸಿದೆ.

ಕ್ಯಾಂಟೀನ್‌ನವರ ತೊಂದರೆ ಇದೇ ಇತ್ತು. "ಹೋಗುವಾಗ ಐವತ್ತರ ಮೇಲೆ ಹೋದ್ರೆ, ಅದರಲ್ಲೂ ಇಳಿಜಾರಲ್ಲಿ, ಹಿಂದಿನದ್ದು ಬಾಲ ಆಡಿಸ್ತದೆ ಮಾರ್ರೆ. ಬರುವಾಗ ಎಂತ ತೊಂದ್ರೆ ಇಲ್ಲ" ಎಂದರು. ಯಾರೋ ಅವರಿಗೆ ಈ ಹುಕ್ಕಿನ ವಿಡಿಯೋ ಕಳಿಸಿ, ಇದನ್ನು ತರಿಸಿ ಹಾಕಿದರೆ ಸರಿಯಾಗುತ್ತದೆ ಎಂದಿದ್ದರು. ಹೋಗುವಾಗ ಆಡಿ, ಬರುವಾಗ ಆಡದೆ ಇದ್ದರೆ ರಸ್ತೆಯ ತಪ್ಪೂ ಅಲ್ಲ, ಹುಕ್ಕಿನ ತಪ್ಪೂ ಅಲ್ಲ. ಹೋಗುವುದಕ್ಕೂ ಬರುವುದಕ್ಕೂ ನಡುವೆ ಬದಲಾದದ್ದು ಏನು ಎಂದು ಹುಡುಕಬೇಕು.

ಬದಲಾದದ್ದು ನೀರು. ಟ್ರೇಲರ್‌ನ ಹಿಂಬದಿಯಲ್ಲಿ 200 ಲೀಟರ್ ಟ್ಯಾಂಕ್. ಮನೆಯಿಂದ ಹೊರಡುವಾಗ ತುಂಬಿರುತ್ತದೆ, ಜಾತ್ರೆ ಮುಗಿಸಿ ಬರುವಾಗ ಖಾಲಿ. ಅವರ ಪರಿಚಯದ ಅಡಿಕೆ ಅಂಗಡಿಯಿಂದ ತೂಕದ ಯಂತ್ರ ತಂದು, ಸಮತಟ್ಟು ಜಾಗದಲ್ಲಿ ಟ್ರೇಲರ್‌ನ ಚಕ್ರಗಳಿಗೆ ಕಲ್ಲು ಕೊಟ್ಟು, ಹುಕ್ಕಿನ ಎತ್ತರಕ್ಕೆ ಸರಿಯಾಗಿ ಮರದ ತುಂಡು ಇಟ್ಟು, ಮುಂದಿನ ತುದಿಯನ್ನು ಅದರ ಮೇಲೆ ಕೂರಿಸಿದೆವು. ಟ್ಯಾಂಕ್ ಖಾಲಿ ಇದ್ದಾಗ 92 ಕೆಜಿ. ತುಂಬಿಸಿದ ಮೇಲೆ 12 ಕೆಜಿ. ಯಂತ್ರ ಹಾಳಾಯಿತೋ ಎಂದು ಅವರು ಎರಡು ಸಲ ತಟ್ಟಿ ನೋಡಿದರು. ಹಾಳಾಗಿರಲಿಲ್ಲ. ಟ್ಯಾಂಕ್ ಇದ್ದದ್ದು ಟ್ರೇಲರ್‌ನ ಆಕ್ಸಲ್‌ನಿಂದ ಒಂದು ಮೀಟರ್ ಹಿಂದೆ, ಹುಕ್ಕು ಎರಡೂವರೆ ಮೀಟರ್ ಮುಂದೆ. 200 ಕೆಜಿ ನೀರು ಹಿಂದಿನಿಂದ ಒತ್ತಿದರೆ ಹುಕ್ಕಿನಿಂದ 80 ಕೆಜಿ ಎದ್ದು ಹೋಗಲೇಬೇಕು. ಪೂರ್ತಿ ತುಂಬಿದ ಟ್ರೇಲರ್‌ನ ತೂಕ ಸುಮಾರು 900 ಕೆಜಿ. ಅದರಲ್ಲಿ ಹುಕ್ಕಿನ ಮೇಲೆ ನೂರಕ್ಕೆ ಒಂದೂವರೆ ಪಾಲೂ ಸರಿಯಾಗಿ ಇಲ್ಲ ಎಂದರೆ ಅದು ಬಾಲ ಆಡಿಸದೆ ಇನ್ನೇನು ಮಾಡೀತು? ಒಂದು ಹೊಂಡಕ್ಕೆ ಬಿದ್ದರೆ ಜೀಪಿನ ಹಿಂಬದಿಯನ್ನೇ ಎತ್ತುವ ಸ್ಥಿತಿ ಅದು.

ಎತ್ತಿನ ಗಾಡಿ ಹೊಡೆದವರಿಗೆ ಇದನ್ನು ಹೇಳಬೇಕಾಗಿಲ್ಲ. ನನ್ನ ಅಜ್ಜನ ಕಾಲದವರು ಹೇರು ತುಂಬಿದ ಮೇಲೆ ಮೂಕಿ ಹಿಡಿದು ಒಮ್ಮೆ ಎತ್ತಿ ಇಳಿಸಿ ನೋಡುತ್ತಿದ್ದರು. ಹಿಂದೆ ಭಾರ ಹೆಚ್ಚಾದರೆ ನೊಗ ಮೇಲೆದ್ದು ಎತ್ತಿನ ಕುತ್ತಿಗೆಯ ಹಗ್ಗ ಬಿಗಿಯುತ್ತದೆ. ಮುಂದೆ ಹೆಚ್ಚಾದರೆ ಹೆಗಲು ಹುಣ್ಣಾಗುತ್ತದೆ. ಎತ್ತು ನಿಂತುಬಿಡುತ್ತದೆ, ಜೀಪು ನಿಲ್ಲುವುದಿಲ್ಲ. ಅದೇ ಕಷ್ಟ.

ಇಲ್ಲಿ ಭಾರ ಹಂಚುವ ಹುಕ್ಕು ಹಾಕಿದ್ದರೆ ಏನಾಗುತ್ತಿತ್ತು? ಹಂಚಲು ಹುಕ್ಕಿನ ಮೇಲೆ ಭಾರವೇ ಇರಲಿಲ್ಲ. ಇರುವ 12 ಕೆಜಿಯಲ್ಲಿ ಹಂಚುವುದು ಯಾವುದನ್ನು? ದುಡ್ಡು ಕೊಟ್ಟು ತರಿಸಿದ ಸಾಮಾನು ಎಂದು ಧೈರ್ಯ ಹೆಚ್ಚಾಗಿ ಅರವತ್ತಕ್ಕೆ ಓಡಿಸುತ್ತಿದ್ದರು, ಅಷ್ಟೇ. ಬದಲಿಗೆ ಟ್ಯಾಂಕನ್ನು ಆಕ್ಸಲ್‌ನ ನೇರ ಮೇಲಕ್ಕೆ ತಂದರು. ಈಗ ಟ್ಯಾಂಕ್ ತುಂಬಿದರೂ ಖಾಲಿಯಾದರೂ ಹುಕ್ಕಿನ ಮೇಲೆ 92 ಕೆಜಿಯೇ. 900ಕ್ಕೆ ನೂರಕ್ಕೆ ಹತ್ತು ಪಾಲು. ಆಮೇಲೆ ಜಲ್ಲಿ ಲಾರಿಗಳು ಹೋಗುವ ಒಂದು ವೇಬ್ರಿಡ್ಜಿಗೆ ಹೋಗಿ ಜೀಪಿನ ಮುಂದಿನ ಎರಡು ಚಕ್ರ ಮಾತ್ರ ತಟ್ಟೆಯ ಮೇಲೆ ನಿಲ್ಲಿಸಿ ಎರಡು ಸಲ ತೂಗಿಸಿದರು, ಟ್ರೇಲರ್ ಇಲ್ಲದೆ ಒಮ್ಮೆ, ಕಟ್ಟಿ ಒಮ್ಮೆ. ವ್ಯತ್ಯಾಸ 40 ಕೆಜಿ. ಲೆಕ್ಕದಲ್ಲಿ 37 ಬರಬೇಕಿತ್ತು. ಲಾರಿಯ ವೇಬ್ರಿಡ್ಜ್ ಹತ್ತು ಹತ್ತು ಕೆಜಿಯಾಗಿ ತೋರಿಸುವಾಗ ಅಷ್ಟು ವ್ಯತ್ಯಾಸ ಸಹಜ. ಮುಂದಿನ ಆಕ್ಸಲ್‌ನ ಮೇಲೆ 780 ಇದ್ದದ್ದು 740 ಆಯಿತು. ನೂರಕ್ಕೆ ಐದು ಪಾಲು. ಇಷ್ಟಕ್ಕೆ ಸ್ಪ್ರಿಂಗ್ ಸರಳು ಬೇಕಾಗಿಲ್ಲ, ಹೆಡ್‌ಲೈಟನ್ನು ಸ್ವಲ್ಪ ಕೆಳಗೆ ತಿರುಗಿಸಿದರೆ ಸಾಕು.

ವೇಬ್ರಿಡ್ಜ್ ಹತ್ತಿರ ಇಲ್ಲದವರಿಗೆ ಒಂದು ಟೇಪ್ ಸಾಕು. ಟ್ರೇಲರ್ ಕಟ್ಟುವ ಮೊದಲು ಮುಂದಿನ ಚಕ್ರದ ಮೇಲಿನ ಮಡ್‌ಗಾರ್ಡ್ ಅಂಚು ನೆಲದಿಂದ ಎಷ್ಟು ಎತ್ತರ ಎಂದು ಬರೆದಿಡಿ, ಕಟ್ಟಿದ ಮೇಲೆ ಮತ್ತೆ ಅಳೆಯಿರಿ. ಹಿಂದಿನ ಚಕ್ರದ್ದೂ ಹಾಗೆಯೇ. ಹಿಂದೆ ಎಷ್ಟು ಕುಸಿಯಿತು ಎನ್ನುವುದಕ್ಕಿಂತ ಮುಂದೆ ಎಷ್ಟು ಎದ್ದಿತು ಎನ್ನುವುದು ಮುಖ್ಯ. ಹಿಂದೆ ಕುಸಿದದ್ದು ಎಲ್ಲರ ಕಣ್ಣಿಗೂ ಕಾಣುತ್ತದೆ, ಅದಕ್ಕೆ ಗ್ಯಾರೇಜಿನವರು ಸ್ಪ್ರಿಂಗ್ ಪಟ್ಟಿ ಒಂದು ಹೆಚ್ಚು ಸೇರಿಸಿ ಕೊಡುತ್ತಾರೆ. ಜೀಪು ನೋಡಲು ನೇರವಾಗುತ್ತದೆ. ಆದರೆ ಮುಂದಿನ ಚಕ್ರಕ್ಕೆ ಹೋದ ಭಾರ ಅದರಿಂದ ವಾಪಸು ಬರುವುದಿಲ್ಲ.

ನಮ್ಮ ಕಡೆ ಈ ಹುಕ್ಕು ಬೇಡ ಎನ್ನಲು ಇನ್ನೂ ಒಂದು ಕಾರಣ ಉಂಟು, ಇದನ್ನು ವಿಡಿಯೋಗಳಲ್ಲಿ ಯಾರೂ ಹೇಳುವುದಿಲ್ಲ. ಸ್ಪ್ರಿಂಗ್ ಸರಳು ಬಿಗಿದಾಗ ಅದರ ಪೂರ್ತಿ ತಿರುಚುವ ಬಲ ಬೀಳುವುದು ಜೀಪಿನ ಹುಕ್ಕು ಕೂರಿಸಿದ ಜಾಗದ ಮೇಲೆ. ಅಮೆರಿಕದ ಪಿಕಪ್‌ಗಳಲ್ಲಿ ಅದಕ್ಕೆಂದೇ ಚಾಸಿಗೆ ಬೋಲ್ಟ್ ಮಾಡಿದ ಚೌಕ ಕೊಳವೆಯ ಕಟ್ಟು ಇರುತ್ತದೆ, ಎಷ್ಟು ತಡೆಯುತ್ತದೆ ಎಂದು ಬರೆದ ಚೀಟಿ ಅಂಟಿಸಿರುತ್ತಾರೆ. ನಮ್ಮಲ್ಲಿ ಒಂದು ಪ್ಲೇಟು, ಒಂದು ಪಿನ್ನು, ನಾಲ್ಕು ವೆಲ್ಡಿಂಗ್ ಗೆರೆ. ಎಳೆಯಲು ಅದು ಸಾಕಾಗಬಹುದು, ತಿರುಚಿದರೆ ಕಿತ್ತು ಬರುತ್ತದೆ. ಮತ್ತೆ ನಮ್ಮ ರಸ್ತೆಗಳನ್ನು ನೋಡಿ. ಹೆದ್ದಾರಿಯಿಂದ ಮನೆಯ ಅಂಗಳಕ್ಕೆ ಹತ್ತುವ ಏರು, ದೇವಸ್ಥಾನದ ಗದ್ದೆಗೆ ಇಳಿಯುವ ಮಣ್ಣಿನ ದಾರಿ, ಶಾಲೆಯ ಎದುರಿನ ಹಂಪ್. ಜೀಪು ಮೇಲೆ ಮುಖ ಮಾಡಿ ಟ್ರೇಲರ್ ಇನ್ನೂ ತಗ್ಗಿನಲ್ಲಿರುವ ಆ ಒಂದು ಕ್ಷಣದಲ್ಲಿ ಸರಳುಗಳ ಮೇಲೆ ಬೀಳುವ ಬಲ ಸಮತಟ್ಟು ರಸ್ತೆಯ ಲೆಕ್ಕದಲ್ಲಿ ಇರುವುದಿಲ್ಲ. ಅವು ಉದ್ದಕ್ಕೆ ನೇರ ಹೋಗುವ ರಸ್ತೆಗಳಿಗಾಗಿ ಮಾಡಿದ ಸಾಮಾನು.

ಅಂಥ ರಸ್ತೆ ಇರುವಲ್ಲಿನ ಕತೆಗೆ ಬರುತ್ತೇನೆ. ದೊಡ್ಡಮ್ಮನ ಮಗನಿಗೆ ಮಾರಾಟಗಾರ ಹೇಳಿದ್ದು, ಹುಕ್ಕು ಇಲ್ಲದೆ ಟ್ರೇಲರ್ ಹೊರಗೆ ಬಿಡುವುದೇ ಇಲ್ಲ ಎಂದು. ಆಫೀಸಿನ ಗೆಳೆಯ ಹೇಳಿದ್ದು, ಅದೆಲ್ಲ ದುಡ್ಡು ಮಾಡುವ ಉಪಾಯ, ತಾನು ಹತ್ತು ವರ್ಷದಿಂದ ಸುಮ್ಮನೆ ಎಳೆಯುತ್ತಿದ್ದೇನೆ ಎಂದು. ಇಬ್ಬರೂ ಅವನ ಟ್ರೇಲರ್‌ನ ತೂಕ ಕೇಳಲಿಲ್ಲ. ನಾನು ಕೇಳಿದಾಗ ಅವನು ಕೊಟ್ಟದ್ದು ಕಂಪನಿಯ ಪುಸ್ತಕದಲ್ಲಿದ್ದ ಸಂಖ್ಯೆ. ಅದು ಒಣ ತೂಕ. ನೀರಿಲ್ಲ, ಗ್ಯಾಸಿಲ್ಲ, ಬಟ್ಟೆಯಿಲ್ಲ, ಪಾತ್ರೆಯಿಲ್ಲ. ನಮ್ಮವರ ಮನೆಯ ಪ್ರಯಾಣ ನಿಮಗೆ ಗೊತ್ತಲ್ಲ. ಕುಚ್ಚಲಕ್ಕಿಯ ಚೀಲ, ಕುಕ್ಕರ್, ಗ್ರೈಂಡರ್, ಉಪ್ಪಿನಕಾಯಿ, ಮಜ್ಜಿಗೆಗೆ ಹೆಪ್ಪು, ಊರಿನಿಂದ ಬಂದ ಅಮ್ಮನ ಔಷಧದ ಪೆಟ್ಟಿಗೆ. ಎಲ್ಲ ಸೇರಿಸಿದರೆ ಸುಮಾರು 3,000 ಕೆಜಿ ಆದೀತು ಎಂದು ಲೆಕ್ಕ ಹಾಕಿದೆವು.

ಅಲ್ಲಿಯ ರೂಢಿಯ ಪ್ರಕಾರ ಒಟ್ಟು ತೂಕದ ನೂರಕ್ಕೆ 10ರಿಂದ 15 ಪಾಲು ಹುಕ್ಕಿನ ಮೇಲೆ ಇರಬೇಕು. 12 ಪಾಲು ಹಿಡಿದರೆ 360 ಕೆಜಿ. ಅವನ ಪಿಕಪ್‌ನ ಎರಡು ಆಕ್ಸಲ್‌ಗಳ ನಡುವೆ ಸುಮಾರು 3.7 ಮೀಟರ್, ಹಿಂದಿನ ಆಕ್ಸಲ್‌ನಿಂದ ಹುಕ್ಕಿಗೆ 1.4 ಮೀಟರ್. ಮುಂದಿನ ಚಕ್ರದಿಂದ 136 ಕೆಜಿ ಎದ್ದು, ಹಿಂದೆ 496 ಕೆಜಿ ಹೆಚ್ಚಾಗುತ್ತದೆ. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ, ಪಕ್ಕದಲ್ಲಿ ಹದಿನೆಂಟು ಚಕ್ರದ ಲಾರಿ ಗಾಳಿ ಬೀಸಿ ಹೋಗುವಾಗ, ಇದು ಸಣ್ಣ ಮಾತಲ್ಲ. ಅವನ ಪಿಕಪ್‌ನ ಹುಕ್ಕಿನ ಚೀಟಿಯಲ್ಲೇ ಎರಡು ಮಿತಿ ಇದ್ದವು. ಭಾರ ಹಂಚುವ ಸರಳಿಲ್ಲದೆ ಎಳೆಯುವುದಾದರೆ ಟ್ರೇಲರ್ 5,000 ಪೌಂಡ್, ಹುಕ್ಕಿನ ಮೇಲೆ 500 ಪೌಂಡ್, ಅಂದರೆ ಸುಮಾರು 2,270 ಮತ್ತು 227 ಕೆಜಿ. ಸರಳು ಹಾಕಿದರೆ ಇನ್ನೂ ಹೆಚ್ಚು. ಅಲ್ಲಿಗೆ ಅವನ ಪ್ರಶ್ನೆಗೆ ಉತ್ತರ ಸಿಕ್ಕಿತು. ಆ ಟ್ರೇಲರ್‌ಗೆ ಹುಕ್ಕು ಬೇಕೇ ಬೇಕು. ಎಳೆಯುವ ಗಾಡಿಯ ಪುಸ್ತಕದಲ್ಲಿ ಅದನ್ನು ಹಾಕಬಾರದು ಎಂದಿದ್ದರೆ ಮಾತ್ರ ಬೇರೆ ಮಾತು. ಚಾಸಿ ಇಲ್ಲದೆ ಬಾಡಿಯೇ ಚೌಕಟ್ಟಾಗಿರುವ ಕೆಲವು ಕಾರುಗಳಿಗೆ ತಯಾರಕರು ಹಾಗೆ ಬರೆದಿರುತ್ತಾರೆ. ಹಾಗಿದ್ದಾಗ ಅಂಥ ಟ್ರೇಲರ್ ಆ ಕಾರಿಗಲ್ಲ ಎಂದು ತಿಳಿಯಬೇಕು. ಹುಕ್ಕು ಬಿಗಿಯುವಾಗಲೂ ಪುಸ್ತಕ ನೋಡಬೇಕು. ಮುಂದಿನ ಅಂಚು ಎಷ್ಟು ಎದ್ದಿತ್ತೋ ಅದರಲ್ಲಿ ಅರ್ಧ ಇಳಿಸಿದರೆ ಸಾಕು ಎನ್ನುವ ತಯಾರಕರಿದ್ದಾರೆ, ಪೂರ್ತಿ ಇಳಿಸಿ ಎನ್ನುವವರೂ ಇದ್ದಾರೆ. ಅದಕ್ಕಿಂತ ಹೆಚ್ಚು ಬಿಗಿದರೆ ಹಿಂದಿನ ಚಕ್ರ ಹಗುರವಾಗಿ ತಿರುವಿನಲ್ಲಿ ಹಿಂಭಾಗ ಜಾರುತ್ತದೆ.

ಆದರೆ ಅವನು ಕೇಳದೆ ಇದ್ದ ಪ್ರಶ್ನೆಯೇ ದೊಡ್ಡದಾಗಿತ್ತು. ಅಲ್ಲಿಯ ಗಾಡಿಗಳ ಡ್ರೈವರ್ ಬಾಗಿಲಿನ ಕಂಬದಲ್ಲಿ ಹಳದಿ ಬಣ್ಣದ ಒಂದು ಚೀಟಿ ಇರುತ್ತದೆ, ಜನ ಮತ್ತು ಸಾಮಾನು ಸೇರಿ ಇಷ್ಟಕ್ಕಿಂತ ಹೆಚ್ಚಾಗಬಾರದು ಎಂದು. ಅವನದ್ದರಲ್ಲಿ 1,500 ಪೌಂಡ್, ಸುಮಾರು 680 ಕೆಜಿ. ಹುಕ್ಕಿನ ಮೇಲಿನ ಭಾರವೂ ಈ ಸಾಮಾನಿನ ಲೆಕ್ಕಕ್ಕೇ ಸೇರುತ್ತದೆ. ಅವನು, ಹೆಂಡತಿ, ಇಬ್ಬರು ಮಕ್ಕಳು, ದೊಡ್ಡಮ್ಮ, ಜೊತೆಗೆ ಹಿಂದಿನ ತೊಟ್ಟಿಯಲ್ಲಿ ಹಾಕುವ ಕುರ್ಚಿ, ಸೈಕಲ್ಲು ಎಲ್ಲ ಸೇರಿ 350 ಕೆಜಿ. ಹುಕ್ಕಿನ ಮೇಲೆ 360. ಅಲ್ಲಿಗೇ 710 ಆಯಿತು. ಭಾರ ಹಂಚುವ ಹುಕ್ಕು ಅದರಲ್ಲಿ ಸ್ವಲ್ಪವನ್ನು ಟ್ರೇಲರ್‌ನ ಚಕ್ರಕ್ಕೆ ದಾಟಿಸುತ್ತದೆ, ಹೌದು. ಆದರೆ ಆ ಹುಕ್ಕೇ 40 ಕೆಜಿ ಹತ್ತಿರ ತೂಗುತ್ತದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ತೆಗೆದುಕೊಂಡ ಹಾಗೆ. 'ಹುಕ್ಕು ಹಾಕಿದ್ದೇವೆ, ಇನ್ನು ತೊಂದರೆ ಇಲ್ಲ' ಎಂದು ಮಾರಾಟಗಾರ ಹೇಳಿದ್ದರೆ ಅದು ಅರ್ಧ ಸತ್ಯ. ನಾನು ಅವನಿಗೆ ಹೇಳಿದ್ದು ಸಣ್ಣ ಟ್ರೇಲರ್ ನೋಡು ಎಂದು. ಈಗ 2,000 ಕೆಜಿಯ ಒಳಗಿನದ್ದನ್ನು ಹುಡುಕುತ್ತಿದ್ದಾನೆ. ದೊಡ್ಡಮ್ಮನಿಗೆ ಮಾತ್ರ ಒಳಗೆ ಸರಿಯಾದ ಅಡುಗೆಮನೆ ಇಲ್ಲ ಎಂದು ಬೇಸರ.

ಯುರೋಪಿನವರು ಇದೇ ಕೆಲಸವನ್ನು ಬೇರೆ ರೀತಿ ಮಾಡುತ್ತಾರೆ. ಅಲ್ಲಿ ಸಣ್ಣ ಕಾರುಗಳೇ ಕ್ಯಾರವಾನ್ ಎಳೆಯುತ್ತವೆ, ಭಾರ ಹಂಚುವ ಸರಳು ಕಾಣುವುದು ಅಪರೂಪ. ಹುಕ್ಕಿನ ಮೇಲೆ ಬೀಳುವ ಭಾರವನ್ನೇ 75, 100 ಕೆಜಿಯ ಆಸುಪಾಸಿನಲ್ಲಿ ಇಡುತ್ತಾರೆ. ಅದಕ್ಕೆ ತಕ್ಕಂತೆ ವೇಗವನ್ನೂ ತಗ್ಗಿಸಿದ್ದಾರೆ. ಜರ್ಮನಿಯಲ್ಲಿ ಟ್ರೇಲರ್ ಕಟ್ಟಿದ ಕಾರಿಗೆ ಸಾಮಾನ್ಯ ಮಿತಿ ಗಂಟೆಗೆ 80 ಕಿಲೋಮೀಟರ್. ಟ್ರೇಲರ್‌ನ ತೂಕ 750 ಕೆಜಿ ದಾಟಿದರೆ ಅದಕ್ಕೆ ಅದರದ್ದೇ ಬ್ರೇಕ್ ಇರಬೇಕು. ಹೆಚ್ಚಿನವುಗಳಲ್ಲಿ, ಮುಂದಿನ ಗಾಡಿ ನಿಧಾನವಾದಾಗ ಟ್ರೇಲರ್ ಮುಂದಕ್ಕೆ ಒತ್ತುವ ಬಲದಿಂದಲೇ ಟ್ರೇಲರ್‌ನ ಬ್ರೇಕ್ ಹಿಡಿಯುವ ವ್ಯವಸ್ಥೆ. ನನಗೆ ನಮ್ಮ ಜಿಲ್ಲೆಗೆ ಹೊಂದುವುದು ಈ ದಾರಿ ಎನಿಸುತ್ತದೆ. ನಮ್ಮ ವೇಗವೂ ಕಡಿಮೆ, ಗಾಡಿಗಳೂ ಸಣ್ಣವು. ಅಮೆರಿಕದ ವಿಡಿಯೋ ನೋಡಿ ಅಮೆರಿಕದ ಕಬ್ಬಿಣ ತರಿಸುವ ಬದಲು ಟ್ರೇಲರ್‌ಗೆ ಬ್ರೇಕ್ ಕೊಡುವುದು ಅಗ್ಗವೂ ಹೌದು, ಹೆಚ್ಚು ಉಪಯೋಗವೂ ಹೌದು.

ಭಾರ ಹಂಚುವುದು ಎಂದಾಗ ಕಾರ್ಕಳದವರಿಗೆ ಬೇರೆ ಒಂದು ನೆನಪು ಬರುತ್ತದೆ. ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನು ಕೆತ್ತಿದ್ದು ಕಾರ್ಕಳದಲ್ಲಿ, ರೆಂಜಾಳ ಗೋಪಾಲಕೃಷ್ಣ ಶೆಣೈಯವರ ನೇತೃತ್ವದಲ್ಲಿ. 1970ರ ದಶಕದಲ್ಲಿ ಆ ಏಕಶಿಲೆಯನ್ನು ಸಾಲು ಸಾಲು ಚಕ್ರಗಳ ಟ್ರೇಲರ್‌ನಲ್ಲಿ ಮಲಗಿಸಿ ಧರ್ಮಸ್ಥಳಕ್ಕೆ ಸಾಗಿಸಿದರು. ಅದನ್ನು ಕಂಡ ಹಿರಿಯರು ಇವತ್ತಿಗೂ ಅದರ ಚಕ್ರಗಳ ಬಗ್ಗೆ ಮಾತಾಡುತ್ತಾರೆ. ಕಲ್ಲಿನ ತೂಕ ಎಷ್ಟು, ಒಂದೊಂದು ಚಕ್ರದ ಪಾಲಿಗೆ ಎಷ್ಟು, ದಾರಿಯ ಸೇತುವೆ ತಡೆಯುವುದು ಎಷ್ಟು ಎಂದು ಲೆಕ್ಕ ಹಾಕದೆ ಅಂಥ ಕೆಲಸಕ್ಕೆ ಕೈ ಹಾಕಲು ಆಗುವುದಿಲ್ಲ. ಅದೇ ಊರಿನ ರಸ್ತೆಯಲ್ಲಿ ಇವತ್ತು ತನ್ನ ತೂಕ ಎಷ್ಟೆಂದು ತನಗೇ ಗೊತ್ತಿಲ್ಲದ ಟ್ರೇಲರ್‌ಗಳು ಓಡುತ್ತಿವೆ.

ಗೊತ್ತಿಲ್ಲದಿರಲು ಕಾರಣ ಆಲಸ್ಯ ಮಾತ್ರ ಅಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್ ಕೂಡ ಮೋಟಾರು ವಾಹನವೇ. ಎಂಜಿನ್ ಇಲ್ಲದಿದ್ದರೂ ನೋಂದಣಿ ಬೇಕು. ಎಳೆಯುವ ಗಾಡಿಯ ಕೆಎ 20 ನಂಬರು ಅದರ ಹಿಂದೆಯೂ ಕಾಣಬೇಕು. ಮಿತಿ ಮೀರಿ ಹೇರಿದರೆ 2019ರ ತಿದ್ದುಪಡಿಯ ನಂತರ ದಂಡ 20,000 ರೂಪಾಯಿ, ಹೆಚ್ಚಾದ ಪ್ರತಿ ಟನ್ನಿಗೆ ಇನ್ನೂ 2,000. ಆದರೆ ವೆಲ್ಡಿಂಗ್ ಅಂಗಡಿಯಲ್ಲಿ ಗುಜರಿಯ ಆಕ್ಸಲ್ ಹಾಕಿ ಮಾಡಿದ ಕ್ಯಾಂಟೀನ್‌ಗೆ ಮಿತಿ ಎಷ್ಟು? ಕಾಗದವೇ ಇಲ್ಲದ ಮೇಲೆ ಮಿತಿ ಎಲ್ಲಿಂದ ಬರಬೇಕು? ನೋಂದಣಿಗೆ ಮಾದರಿಯ ಅನುಮೋದನೆ ಬೇಕು. ವರ್ಷಕ್ಕೆ ನಾಲ್ಕೈದು ಟ್ರೇಲರ್ ಮಾಡುವ ಅಂಗಡಿಯವನು ಒಂದೊಂದಕ್ಕೂ ಪರೀಕ್ಷೆ ಮಾಡಿಸಲು ಸಾಧ್ಯವೇ? ಹಾಗಾಗಿ ಎಲ್ಲವೂ ಕಾಗದದ ಹೊರಗೆ ನಡೆಯುತ್ತದೆ. ಅಪಘಾತವಾದಾಗ ಮಾತ್ರ ಕಾಗದ ಹೊರಬರುತ್ತದೆ. ಎಳೆದ ಗಾಡಿಗೆ ವಿಮೆ ಇತ್ತು, ಟ್ರೇಲರ್‌ಗೆ ಇರಲಿಲ್ಲ ಎಂಬ ವಾದ ಪರಿಹಾರದ ನ್ಯಾಯಮಂಡಳಿಗಳಲ್ಲಿ ತೀರಾ ಹಳೆಯದು. ಕೈಕಾಲು ಕಳೆದುಕೊಂಡವನು ಆ ವಾದ ಮುಗಿಯುವವರೆಗೆ ಕಾಯಬೇಕು.

ಸುದ್ದಿಯಲ್ಲೂ ಇದು ಕಾಣಿಸುವುದಿಲ್ಲ. ಟ್ರೇಲರ್ ಮಗುಚಿದರೆ 'ಚಾಲಕನ ನಿಯಂತ್ರಣ ತಪ್ಪಿ' ಎಂದು ಬರುತ್ತದೆ, ಇಲ್ಲವೇ 'ಅತಿವೇಗ ಮತ್ತು ಅಜಾಗರೂಕತೆಯಿಂದ' ಎಂದು. ಎರಡನೆಯದು ಕಾನೂನಿನ ಭಾಷೆ. ಮೊದಲು ದಂಡಸಂಹಿತೆಯ 279, ಈಗ ನ್ಯಾಯಸಂಹಿತೆಯ 281ನೇ ಸೆಕ್ಷನ್ ಕೇಳುವುದು ಅದನ್ನೇ, ಹಾಗಾಗಿ ಠಾಣೆಯ ದೂರಿನಲ್ಲಿ ಅದೇ ಬರೆಯುತ್ತಾರೆ, ದೂರಿನಿಂದ ಪತ್ರಿಕೆಗೆ ಬರುತ್ತದೆ. ಟ್ಯಾಂಕ್ ಆಕ್ಸಲ್‌ನ ಹಿಂದೆ ಇತ್ತೇ, ಜನರೇಟರ್ ತಿರುಗಿಸಿ ಇಟ್ಟಿದ್ದರೇ, ಪಿನ್ನು ಮುರಿಯಿತೇ, ಸೇಫ್ಟಿ ಚೈನ್ ಇತ್ತೇ ಎಂದು ಯಾವ ಸೆಕ್ಷನ್ನೂ ಕೇಳುವುದಿಲ್ಲ. ಈ ಬ್ಲಾಗಿನಲ್ಲಿ ಬರೆಯುವ ಹೆಚ್ಚಿನವರು ಜಿಲ್ಲೆಗಳಲ್ಲಿ ವರದಿ ಮಾಡುವವರು. ಮುಂದಿನ ಸಲ ಸ್ಥಳಕ್ಕೆ ಹೋದಾಗ ಸಾಮಾನು ಎಲ್ಲಿ ತುಂಬಿತ್ತು ಎಂದು ಒಂದು ಫೋಟೋ ತೆಗೆದುಕೊಳ್ಳಿ. ಚಾಲಕ ಬದುಕಿದ್ದರೆ ಅವನಿಗೆ, ಇಲ್ಲದಿದ್ದರೆ ಅವನ ಮನೆಯವರಿಗೆ, ಅದು ಉಪಯೋಗಕ್ಕೆ ಬರಬಹುದು.

ದಂಡ ಹಾಕಿ ಸರಿಮಾಡಿ ಎಂದು ನಾನು ಹೇಳುವುದಿಲ್ಲ. ದಂಡ ಬೀಳುವುದು ಚರುಮುರಿ ಮಾರಿ ಮನೆ ನಡೆಸುವವನ ಮೇಲೆ, ಟ್ರೇಲರ್ ಇನ್ನೂ ಹಳೆಯದಾಗುತ್ತದೆ, ಅಷ್ಟೇ. ಸಾರಿಗೆ ಇಲಾಖೆ ಒಂದು ಟನ್ನಿನ ಒಳಗಿನ ಟ್ರೇಲರ್‌ಗೆ ಒಂದೆರಡು ನಕ್ಷೆಗಳನ್ನು ಒಪ್ಪಿ ಕೊಡಲಿ: ಆಕ್ಸಲ್ ಎಲ್ಲಿ, ಹುಕ್ಕು ಎಷ್ಟು ದಪ್ಪ, ಬ್ರೇಕ್ ಯಾವುದು ಎಂದು. ಆ ನಕ್ಷೆಯ ಪ್ರಕಾರ ಮಾಡಿದ್ದನ್ನು ಸ್ಥಳೀಯವಾಗಿ ನೋಡಿ ನೋಂದಾಯಿಸಲಿ. ಟ್ರೇಲರ್‌ನ ಮುಂದಿನ ತೊಲೆಗೆ ತೂಕದ ಪಟ್ಟಿ ಒಂದು ಹೊಡೆಯಲಿ. ಅದು ಆಗುವವರೆಗೆ, ನಿಟ್ಟೆಯಲ್ಲಿ ಎಂಜಿನಿಯರಿಂಗ್ ಕಾಲೇಜು ಉಂಟು, ಮೆಕ್ಯಾನಿಕಲ್ ಓದುವ ಮಕ್ಕಳಿದ್ದಾರೆ. ಜಾತ್ರೆಗಳು ಶುರುವಾಗುವ ಮೊದಲು ಒಂದು ಭಾನುವಾರ ಪಂಚಾಯತ್ ಮೈದಾನದಲ್ಲಿ ಎರಡು ತೂಕದ ಯಂತ್ರ ಇಟ್ಟು ಬಂದ ಟ್ರೇಲರ್‌ಗಳನ್ನೆಲ್ಲ ತೂಗಿ ಒಂದು ಚೀಟಿ ಬರೆದುಕೊಟ್ಟರೆ ಸಾಕು. ಪೊಲೀಸರು ಆ ದಿನ ದೂರ ಇರಬೇಕು, ಇಲ್ಲದಿದ್ದರೆ ಯಾರೂ ಬರುವುದಿಲ್ಲ.

ಹೀಗೆ ಹೇಳಿದಾಗ ವೆಲ್ಡಿಂಗ್ ಅಂಗಡಿಯವರು ನಕ್ಕರು. "ತೂಕ ನೋಡಿ ಮಾಡಿ ಅಂತ ಇಷ್ಟು ವರ್ಷದಲ್ಲಿ ಒಬ್ಬ ಗಿರಾಕಿ ಹೇಳ್ಲಿಲ್ಲ ಮಾರಾಯ್ರೆ. ಕಲರ್ ಯಾವುದು ಅಂತ ಎಲ್ರೂ ಕೇಳ್ತಾರೆ." ಅವರ ಮಾತಿನಲ್ಲಿ ನ್ಯಾಯ ಉಂಟು. ಕೇಳುವವರಿದ್ದರೆ ಅವರು ಮಾಡಿಕೊಡುತ್ತಾರೆ. ಆಕ್ಸಲ್ ಅರ್ಧ ಅಡಿ ಹಿಂದೆ ಕೂರಿಸಲು ಅವರಿಗೆ ಹೆಚ್ಚು ಖರ್ಚಿಲ್ಲ, ಮೊದಲೇ ಹೇಳಬೇಕು ಅಷ್ಟೇ.

ಕ್ಯಾಂಟೀನ್‌ನವರ ಟ್ರೇಲರ್ ಈಗ ಬಾಲ ಆಡಿಸುವುದಿಲ್ಲ. ಆದರೆ 900 ಕೆಜಿಯನ್ನು ನಿಲ್ಲಿಸುವುದು ಇನ್ನೂ ಜೀಪಿನ ಬ್ರೇಕ್ ಒಂದೇ. ಟ್ರೇಲರ್‌ನ ಗುಜರಿ ಆಕ್ಸಲ್‌ನಲ್ಲಿ ಬ್ರೇಕ್ ಡ್ರಮ್ ಎರಡೂ ಬದಿ ಉಂಟು, ಪೈಪ್ ಕತ್ತರಿಸಿ ಬಾಯಿ ಮುಚ್ಚಿದ್ದಾರೆ. ಅದನ್ನು ಹುಕ್ಕಿನ ಒತ್ತಡದಿಂದ ಹಿಡಿಯುವ ಹಾಗೆ ಮಾಡಲು ಮಂಗಳೂರಿನಿಂದ ಒಂದು ಸಿಲಿಂಡರ್ ತರಿಸಬೇಕು ಎಂದಿದ್ದಾರೆ ಅಂಗಡಿಯವರು. ಅತ್ತೂರು ಜಾತ್ರೆ ಜನವರಿಯಲ್ಲಿ. ಅದರ ಮೊದಲು ಆಗಬೇಕು ಎಂದು ವಾರಕ್ಕೊಮ್ಮೆ ಫೋನ್ ಮಾಡಿ ಕೇಳುತ್ತಿದ್ದೇನೆ. "ಆಗ್ತದೆ, ಆಗ್ತದೆ" ಎನ್ನುತ್ತಿದ್ದಾರೆ.